ತುಳಸಾಬಾಯಿಯ ಕೊಡ ಕಾಯುವ ಕಾಶವ್ವ

ಬಾಂದ್ರಾ ಪೂರ್ವದ ಈ ಹಳೆಯ ಚಾಳಿನ ನಲ್ಲಿಯಲ್ಲಿ ಬೆಳಗಿನ ಐದೂವರೆಗೆ ನೀರು ಬರುತ್ತದೆ, ಆರೂವರೆಗೆ ನಿಲ್ಲುತ್ತದೆ. ಆ ಒಂದು ಗಂಟೆಯೊಳಗೆ ಕಾಶವ್ವ ಕೊಣ್ಣೂರ ಅವರು ಮೇಲಿನ ಮಹಡಿಯ ಎರಡು ಕೋಣೆಗಳ ನೆಲ ಒರೆಸಿ, ಹೊಸ್ತಿಲು ತೊಳೆದು, ಅದರ ಮುಂದೆ ನಾಲ್ಕೆಳೆ ರಂಗೋಲಿ ಬಿಡಿಸಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟು ಹಿಡಿದು ಇಪ್ಪತ್ತೆರಡು ಮರದ ಮೆಟ್ಟಿಲುಗಳನ್ನು ಮೂರು ಸಲ ಹತ್ತಿಳಿಯುತ್ತಾರೆ. ಮೂರನೆಯ ಸಲ ಹತ್ತುವಾಗ ಮಾತ್ರ ನಡುವೆ ಒಮ್ಮೆ ನಿಲ್ಲುತ್ತಾರೆ. ವಯಸ್ಸು ಐವತ್ತೆಂಟು.

ಇಂದು ನಿಂತಾಗ ಕೈ ತಾನಾಗಿ ನಡುವಿಗೆ ಕಟ್ಟಿಕೊಂಡಿರುವ, ಆ ಕೋಣೆಗಳ ಕೀಲಿಕೈಯನ್ನು ಮುಟ್ಟಿ ನೋಡುತ್ತದೆ. ಆ ಕೀಲಿಕೈ ನಾಳೆಯೂ ಅವರ ಬಳಿ ಇರುತ್ತದೆಯೋ ಇಲ್ಲವೋ ಎಂಬುದನ್ನು ನಿನ್ನೆ ಸಂಜೆಯ ಸಭೆ ತೀರ್ಮಾನಿಸಿದೆ. ತೀರ್ಮಾನವೇನೆಂದು ಅವರಿಗಿನ್ನೂ ತಿಳಿದಿಲ್ಲ.

ಈ ಕೋಣೆಗಳಲ್ಲಿ ಹುಟ್ಟಿದವರು ಕಾರ್ಮಿಕ ನಾಯಕ, ಮಾಜಿ ಶಾಸಕ ವಿಠೋಬಾ ಮಾಂದ್ರೇಕರ್. ಚಾಳಿನವರ ಬಾಯಲ್ಲಿ ವಿಠೂದಾದಾ. ಬೀದಿಯ ಒಂದೇ ನಲ್ಲಿಯ ಮುಂದೆ ಸಾಲುಗಟ್ಟುತ್ತಿದ್ದ ಹೆಂಗಸರ ಪರವಾಗಿ ಹೋರಾಡಿ ಚಾಳುಗಳ ಅಂಗಳಕ್ಕೆ ನೀರು ತರಿಸಿದವರು. ಅವರು ತೀರಿಕೊಂಡ ಮೇಲೆ ಅಭಿಮಾನಿಗಳು ಟ್ರಸ್ಟ್ ಕಟ್ಟಿ, ಜನ್ಮಸ್ಥಳವನ್ನು ಪುಟ್ಟ ಮ್ಯೂಜಿಯಮ್ ಮಾಡಿದರು. ಒಳಗೆ ಇರುವುದು ನಲವತ್ತೊಂದು ವಸ್ತು. ಕನ್ನಡಕ, ಊರುಗೋಲು, ಜೈಲಿನಿಂದ ಬರೆದ ಪತ್ರಗಳು, ತೊಟ್ಟಿಲು. ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಅವರ ತಾಯಿ ನೀರು ಹೊರುತ್ತಿದ್ದ ತಾಮ್ರದ ಕೊಡ. ಕೊಡದ ಕತ್ತಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದು ಐದು ಮರಾಠಿ ಅಕ್ಷರ: ತುಳಸಾಬಾಯಿ. ಆ ತಾಯಿಯದೊಂದು ಭಾವಚಿತ್ರವಿಲ್ಲ, ಒಂದು ಕಾಗದವಿಲ್ಲ. ಆಕೆ ಈ ಲೋಕದಲ್ಲಿ ಬಾಳಿದ್ದಕ್ಕೆ ಈ ಮನೆಯಲ್ಲಿ ಉಳಿದಿರುವ ಸಾಕ್ಷಿ ಆ ಚುಕ್ಕೆಗಳಷ್ಟೇ.

ಕಾಶವ್ವ ಮುದ್ದೇಬಿಹಾಳದ ಕಡೆಯವರು. ಗಂಡ ಪರಪ್ಪ ಧಾರಾವಿಯ ಚರ್ಮದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅವರು ತೀರಿಹೋದ ವರ್ಷವೇ ಈ ಕೆಲಸ ಸಿಕ್ಕಿತು. ಈಗ ದಹಿಸರ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ನಾಲ್ಕೂವರೆಯ ಲೋಕಲ್ ರೈಲು ತಪ್ಪಿದರೆ ನೀರು ತಪ್ಪಿದಂತೆ. ಹದಿನೇಳು ವರ್ಷಗಳಲ್ಲಿ ತಪ್ಪಿದ್ದು ಎರಡು ಸಲ. ಸಾಮಾನ್ಯ ದಿನಗಳಲ್ಲಿ ನಾಲ್ಕೈದು ಮಂದಿ ನೋಡಲು ಬರುತ್ತಾರೆ, ಭಾನುವಾರ ಹತ್ತು. ದಾದಾರ ಜಯಂತಿಯಂದು ಮುನ್ನೂರು. ಯಾರೂ ಬಾರದ ದಿನಗಳೂ ಉಂಟು.

“ಯಾರೂ ಬರ್ಲಿಲ್ಲಂದ್ರ ಧೂಳು ಬೀಳೂದು ನಿಲ್ತದೇನ್ರಿ?” ಎನ್ನುತ್ತಾರೆ ಕಾಶವ್ವ. “ಅದಕ್ಕ ರಜಾ ಇಲ್ಲ, ನನಗೂ ಇಲ್ಲ.”

ಗುಡಿಸುವುದನ್ನೂ ಸಾರಿಸುವುದನ್ನೂ ಪೂಜೆಯ ಪಂಕ್ತಿಯಲ್ಲಿಯೇ ಕೂರಿಸಿದ ಪರಂಪರೆ ನಮ್ಮದು. ಕಾಶವ್ವ ಅದನ್ನು ಯಾವ ಗ್ರಂಥದಿಂದಲೂ ಕಲಿತವರಲ್ಲ. ಎಲ್ಲವನ್ನೂ ಚೊಕ್ಕಟವಾಗಿಡಬೇಕೆಂದು ಟ್ರಸ್ಟಿನವರು ಮೊದಲ ದಿನ ಹೇಳಿದ್ದರು. ತಾಮ್ರ ಚೊಕ್ಕಟವಾಗುವುದು ಹೇಗೆಂದು ಕಾಶವ್ವನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಣಸೆಹಣ್ಣು, ಉಪ್ಪು, ಒಂದು ಹಿಡಿ ಸಣ್ಣ ಮರಳು. ದಿನಂಪ್ರತಿ, ಅಂಗಳದ ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತು, ತೋಳು ಸೋಲುವವರೆಗೆ ಕೊಡವನ್ನು ತಿಕ್ಕುತ್ತಿದ್ದರು.

ಪಕ್ಕದ ಕೋಣೆಯ ಇಂದ್ರಾಬಾಯಿ ಎಂಬತ್ತು ದಾಟಿದವರು, ಬೆಳಗಾವಿಯಿಂದ ಈ ಚಾಳಿಗೆ ಸೊಸೆಯಾಗಿ ಬಂದವರು. ನಲ್ಲಿಯ ಬಳಿ ಅವರ ಕೀಟಲೆ ತಪ್ಪುತ್ತಿರಲಿಲ್ಲ.

“ಏನ ಕಾಶಿ, ದಾದಾನ ಮ್ಯೂಜಿಯಮ್ಮೋ, ಭಾಂಡಿ ಅಂಗಡಿಯೋ ಇದು? ಕೊಡದಾಗ ನಿನ್ನ ಮಾರಿ ಕಾಣಾಕತ್ತೈತಲ್ಲ!”

“ನನ್ನ ಮಾರಿ ಅಲ್ಲ ಆಯಿ, ನಿನ್ನ ಬೊಚ್ಚುಬಾಯಿ ಅದು. ಸರಿಯಾಗಿ ನೋಡು.”

ಮರಾಠಿ ಲಿಪಿ ಕಾಶವ್ವನವರಿಗೆ ಬಾರದು. ಆದರೆ ಹೆಬ್ಬೆರಳಿಗೆ ಆ ಐದು ಅಕ್ಷರಗಳ ಏರಿಳಿತ ಬಾಯಿಪಾಠ. ಕಳೆದ ತಿಂಗಳು ಒಂದು ಬೆಳಿಗ್ಗೆ ಬೆರಳು ನಾಲ್ಕನ್ನು ದಾಟಿ ಐದನೆಯದರ ಜಾಗಕ್ಕೆ ಬಂದಾಗ ಏನೂ ತಗುಲಲಿಲ್ಲ. ತಾಮ್ರ ನುಣ್ಣಗಿತ್ತು. ಕೊಡವನ್ನು ಬೆಳಕಿಗೆ ಹಿಡಿದು ನೋಡಿದರು. ನಾಲ್ಕನೆಯ ಅಕ್ಷರವೂ ಅರ್ಧ ಮಾಸಿತ್ತು.

“ಹದಿನೇಳು ವರ್ಷ ಸೇವಾ ಮಾಡೀನಿ ಅಂತ ತಿಳಕೊಂಡಿದ್ದೆ. ಆ ತಾಯಿ ಹೆಸರು ಅಳಸಾಕತ್ತೀನಿ ಅನ್ನೂದು ಗೊತ್ತs ಆಗ್ಲಿಲ್ಲ.”

ನಿತ್ಯಾಭಿಷೇಕದಿಂದ ಮೂರ್ತಿಯ ಮೂಗು ತುಟಿಗಳು ಸವೆದುಹೋದ ಗರ್ಭಗುಡಿಗಳು ನಾಡಿನಲ್ಲಿ ಹಲವಿವೆ. ಅಲ್ಲಿ ಅರ್ಚಕನನ್ನು ಯಾರೂ ದೂರುವುದಿಲ್ಲ. ಮೂರ್ತಿಗೆ ಕವಚ ತೊಡಿಸಿ ಪೂಜೆ ಮುಂದುವರಿಸುತ್ತಾರೆ. ನಲ್ಲಿಯ ಬಳಿ ಒಬ್ಬರೇ ಕುಳಿತಿದ್ದ ಕಾಶವ್ವನವರಿಗೆ ಆ ಸಮಾಧಾನ ಹೇಳಲು ಯಾರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವರು ಕೊಡವನ್ನು ಒರೆಸಿ ಕಟ್ಟೆಯ ಮೇಲಿಟ್ಟು, ಟ್ರಸ್ಟಿನ ಕಾರ್ಯದರ್ಶಿ ಧನರಾಜ್ ಕೋಟ್ಯಾನ್ ಬರುವವರೆಗೂ ಬಾಗಿಲಲ್ಲೇ ನಿಂತರು. ಬಂದೊಡನೆ ಎಲ್ಲವನ್ನೂ ಹೇಳಿದರು.

“ನೀವೇ ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಮಾರಾಯ್ರೆ” ಎಂದು ನೆನೆಯುತ್ತಾರೆ ಧನರಾಜ್. ಉಡುಪಿ ಕಡೆಯ ಅವರು ನಿವೃತ್ತ ಬ್ಯಾಂಕ್ ನೌಕರರು. “ಗೊತ್ತಾದ ಮೇಲೆ ನಾನು ಸಭೆಗೆ ಹೇಳದೆ ಇರ್ಲಿಕ್ಕೂ ಆಗುದಿಲ್ಲ ಅಲ್ವಾ?”

ವಿಷಯ ಎರಡು ಸಭೆಗಳಿಗೆ ಬಂತು, ಎರಡನೆಯದು ನಿನ್ನೆ. ಕೆಲಸವನ್ನು ಬೇರೆಯವರಿಗೆ ವಹಿಸಬೇಕೆಂದರು ಕೆಲವರು. ಪಾತ್ರೆ ಅಂಗಡಿಯಲ್ಲಿ ಹೆಸರನ್ನು ಮತ್ತೆ ಕೊರೆಸಿಬಿಟ್ಟರೆ ಮುಗಿಯಿತಲ್ಲ ಎಂದರು ಇನ್ನೊಬ್ಬರು. ಮೊದಲ ಸಭೆಗೆ ಕರೆದು ಅಭಿಪ್ರಾಯ ಕೇಳಿದಾಗ ಕಾಶವ್ವ ಮೊದಲ ಮಾತಿಗೆ ತಲೆ ತಗ್ಗಿಸಿದರು. ಎರಡನೆಯದಕ್ಕೆ ಎದ್ದು ನಿಂತರು.

“ಅದು ಬ್ಯಾಡ್ರಿ. ನನ್ನ ತಪ್ಪಿಗೆ ನನ್ನ ಬಿಡಸ್ರಿ. ಆದ್ರ ಇವತ್ತು ಕೊರಸಿದ್ದನ್ನ ಆ ಕಾಲದ್ದು ಅಂತ ಮಂದಿಗೆ ಹೆಂಗ ತೋರಸ್ಲಿ?”

ಅಕ್ಷರ ಸವೆದದ್ದು ಕಂಡ ದಿನದಿಂದ ಕಾಶವ್ವ ಕೊಡವನ್ನು ಮುಟ್ಟಿಲ್ಲ. ಅದು ದಿನದಿನಕ್ಕೆ ಕಪ್ಪಡರುತ್ತಿದೆ. ನೆಲ ಒರೆಸುತ್ತ ಆ ಕಟ್ಟೆಯ ಬಳಿ ಬಂದಾಗ ಅವರು ಮುಖ ತಿರುಗಿಸಿಕೊಳ್ಳುತ್ತಾರೆ. ಕಪ್ಪಿಟ್ಟ ತಾಮ್ರವನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವುದು ಅವರ ಕೈಗೆ ಈ ವಯಸ್ಸಿನಲ್ಲಿ ಬಂದೊದಗಿದ ಹೊಸ ವ್ರತ.

ಒಂಬತ್ತು ಗಂಟೆಗೆ ಧನರಾಜ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಾರೆ. ಕಾಶವ್ವ ಕೀಲಿಕೈಯನ್ನು ನಡುವಿನಿಂದ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನಿಂತಿದ್ದಾರೆ.

“ಅದನ್ನು ಒಳಗೆ ಇಟ್ಕೊಳ್ಳಿ ಮಾರಾಯ್ರೆ. ಕೆಲಸ ನಿಮ್ಮದೇ. ಕೊಡ ಮಾತ್ರ ಗಾಜಿನ ಪೆಟ್ಟಿಗೆಗೆ ಹೋಗ್ತದೆ. ಇನ್ನು ಹುಣಸೆಹಣ್ಣು ಸಾರಿಗೆ ಮಾತ್ರ, ಆಯ್ತಾ?”

ಕಾಶವ್ವ ನಗಲು ಹೋಗಿ, ಆಗದೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಪೆಟ್ಟಿಗೆಯ ಮೇಲೆ ಹಚ್ಚಲಿರುವ ಬರಹವನ್ನು ಧನರಾಜ್ ಓದಿ ಹೇಳುತ್ತಾರೆ: ಕೊನೆಯ ಅಕ್ಷರ ತಿಕ್ಕಿ ತಿಕ್ಕಿ ಸವೆದಿದೆ.

“ಯಾರು ತಿಕ್ಕಿದ್ದು ಅಂತ ಬರೀರಿ” ಎನ್ನುತ್ತಾರೆ ಕಾಶವ್ವ. “ಮೊದಲ ಆ ತಾಯಿ ತಿಕ್ಯಾಳ. ಆಮ್ಯಾಲ ನಾ ತಿಕ್ಕೀನಿ. ಸುಳ್ಳೇನೈತಿ ಅದರಾಗ?”

ಧನರಾಜ್ ಪೆನ್ನು ತೆಗೆದು ಬರೆದುಕೊಳ್ಳುತ್ತಾರೆ. ಮತ್ತೇನಾದರೂ ಉಂಟಾ ಎಂದು ಕೇಳುತ್ತಾರೆ. ಕಾಶವ್ವ ಕಟ್ಟೆಯ ಕಡೆಗೆ, ಒಂದು ತಿಂಗಳ ಮೇಲೆ ಮೊದಲ ಸಲ, ನೇರವಾಗಿ ನೋಡುತ್ತಾರೆ.

“ಜಯಂತಿ ದಿವಸ ಒಂದs ದಿನ ಆ ಗಾಜು ತಗೀರಿ ಸಾಹೇಬ್ರ. ತಿಕ್ಕಂಗಿಲ್ಲ, ಆಣಿ ಮಾಡ್ತೀನಿ. ನೀರು ತುಂಬಿ ಇಡ್ತೀನಿ, ಅಷ್ಟ. ಇಷ್ಟು ವರ್ಷ ತೊಳದು ತೊಳದು ನೀರು ಚೆಲ್ಲೀನಿ. ಕುಡಿಯೂ ನೀರು ಒಂದು ದಿನಾನೂ ಅದರಾಗ ತುಂಬಿಲ್ರೀ ನಾವು.”