ಅಪ್ಪನ ದನಿಯಲ್ಲಿ ಒಂದು ‘ಬ್ಯಾಡ’

ನಮ್ಮ ಮನೆಯಲ್ಲಿ ಎರಡು ಕೆಮ್ಮು. ಒಂದು ಅಪ್ಪನದು, ಇನ್ನೊಂದು ನಾನು ಕೆಮ್ಮುವ ಅಪ್ಪನದು. ಎರಡಕ್ಕೂ ಅವ್ವ ನೀರಿನ ಚೊಂಬು ಹಿಡಿದು ಓಡಿ ಬರುತ್ತಿದ್ದಳು. ಬಂದು ನನ್ನ ಮುಖ ನೋಡಿ, “ನಿನ್ ಬಾಯ್ಗೆ ಮಣ್ಣಾಕ” ಎಂದು ನಗುತ್ತಾ ವಾಪಸ್ಸು. ನಮ್ಮೂರು ಉಡಿಗಾಲದಲ್ಲಿ ನಾನು ಅಣಕಿಸದ ಗಂಡಸಿಲ್ಲ. ನನ್ನದೇ ದನಿಯಲ್ಲಿ ಮಾತಾಡಿದರೆ ಮಾತ್ರ ಯಾರೂ ನಗುವುದಿಲ್ಲ, ಅಷ್ಟು ಸಪ್ಪೆ.

ಅಕ್ಕ ಚಾಮರಾಜನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಹೊರಟಳೆಂದರೆ ಅವಳ ನಡಿಗೆಯೇ ಬೇರೆ. ಅಂಥ ಹೊತ್ತಲ್ಲಿ ಗುಂಡ್ಲುಪೇಟೆಯಿಂದ ಸಂಬಂಧ ಬಂತು. ಹುಡುಗನ ಸೋದರಮಾವ ಈರುಳ್ಳಿ ಮಂಡಿಯವರು. ಅಪ್ಪ ಬೆಳೆದ ಈರುಳ್ಳಿ ಹಾಕುವುದೂ ಅವರಿಗೇ. ಅವರದು ಒಂದೇ ಮಾತು: “ಮದ್ವೆ ಆದ್ಮೇಲೆ ಹೆಣ್ಮಗ ಕೆಲ್ಸಕ್ ಓಗಂಗಿಲ್ಲ.” ಅಪ್ಪ ತಲೆಯಾಡಿಸಿದ. ಅಕ್ಕ ಬ್ಯಾಡ ಅಂದಳು. ಅಪ್ಪ ಟೀವಿ ಜೋರು ಮಾಡಿದ.

ಕೊನೆಗೆ ಅಕ್ಕ ತಾನೇ ಆ ಮಾವನಿಗೆ ಫೋನ್ ಮಾಡಿದಳು. “ನಂಗೆ ಒಪ್ಗೆ ಇಲ್ಲ. ನಾನು ಕೆಲ್ಸ ಬುಡಲ್ಲ.”

ಆ ಕಡೆ ನಗು. “ಆಯ್ತು ಕಣವ್ವ, ಫೋನ್ ನಿಮ್ಮಪ್ಪಂಗೆ ಕೊಡು.”

ಅಕ್ಕ ಫೋನ್ ಇಟ್ಟು ನನ್ನ ಕಡೆ ತಿರುಗಿದಳು. “ಅಪ್ಪಂಗೆ ಕೊಡ್ಬೇಕಂತೆ. ನೀನೇ ಆಗ್ಲಾ ಅಪ್ಪ.”

ಮಾರನೆಯ ದಿನ ಅಪ್ಪ ಸ್ನಾನಕ್ಕೆ ಹೋದಾಗ ಅವನ ಫೋನ್ ಎತ್ತಿಕೊಂಡೆ. ಮೊದಲು ಕೆಮ್ಮಿದೆ. “ಯಜಮಾನ್ರೆ, ಈ ಸಂಬಂಧ ಬ್ಯಾಡ. ಬುಟ್ಬುಡನ.”

“ಆಯ್ತು ಬುಡಿ, ನಿಮ್ಮಿಷ್ಟ” ಅಂದರು ಮಾವ. ಯಾಕೆ ಅಂತಲೂ ಕೇಳಲಿಲ್ಲ.

ಅಕ್ಕ ಪಿಸುಗುಟ್ಟಿದಳು: “ನಾನೂ ಅದ್ನೇ ಅಲ್ವೇನ್ಲಾ ಏಳಿದ್ದು?”

ಅಲ್ಲಿಗೇ ಫೋನ್ ಇಡಬೇಕಿತ್ತು. ಆದರೆ ನಾನು ದೊಡ್ಡ ಕಲಾವಿದ ನೋಡಿ! “ಈರುಳ್ಳಿ ಕಿತ್ರಾ?” ಎಂದು ಅವರು ಕೇಳಿದ್ದೇ ತಡ, “ಕಿತ್ತಾಯ್ತು, ಸೋಮವಾರ ಗಾಡಿ ತತ್ತೀನಿ” ಅಂದುಬಿಟ್ಟೆ. ಈರುಳ್ಳಿ ಇನ್ನೂ ಹೊಲದಲ್ಲೇ ಇತ್ತು. ಸೋಮವಾರ ಮಾವ ಕಾದು ಕಾದು ಫೋನ್ ಮಾಡಿದರು. “ಯಾವ ಗಾಡಿ?” ಅಂದ ಅಪ್ಪ.

ನನಗೆ ಬಿದ್ದದ್ದು ಒಂದೇ ಏಟು, ಅದೂ ಅಪ್ಪ ನಗು ತಡೆಯಲಾರದೆ ಕೊಟ್ಟದ್ದು. “ಕಳ್ ನನ್ಮಗ್ನೆ, ಕೆಮ್ಮೂ ನಂದೇ ಮಾಡ್ಬುಟ್ಯಲ್ಲ!” ಅಕ್ಕನಿಗೆ ಏಟು ಬೀಳಲಿಲ್ಲ. ಅವಳ ಫೋನ್ ಹೋಯಿತು, ಬಸ್ಸು ಹೋಯಿತು, ಲ್ಯಾಬಿಗೆ ಬರುವುದಿಲ್ಲ ಎಂದು ಅಪ್ಪನೇ ಹೇಳಿ ಬಂದ. ಸಂಬಂಧ ಮತ್ತೆ ಕೂಡಿತು. ಮದುವೆ ಊಟದಲ್ಲಿ ಆ ಮಾವನೇ ನನ್ನ ಕೈ ಹಿಡಿದು, “ಎಲ್ಲಿ, ಇನ್ನೊಂದ್ಸಲ ‘ಬ್ಯಾಡ’ ಅನ್ನು” ಎಂದರು. ಅಂದೆ. ಪಂಕ್ತಿಯೆಲ್ಲಾ ಬಿದ್ದು ಬಿದ್ದು ನಕ್ಕಿತು. ಅಕ್ಕ ಎಲೆ ನೋಡುತ್ತಾ ಕೂತಿದ್ದಳು.

ಈಗ ಅವಳು ಗುಂಡ್ಲುಪೇಟೆಯಲ್ಲಿ, ಲಾರಿಗಳು ಹಾಯುವ ರಸ್ತೆಯ ಮೇಲಿನ ಮನೆ. ಮಧ್ಯಾಹ್ನ ಅತ್ತೆ ಮಲಗಿದಾಗ ಅತ್ತೆಯ ಫೋನಿಂದಲೇ ಮಾತು. ಮೊನ್ನೆ ಕೇಳಿದಳು, “ಅಪ್ಪನ ದನೀಲಿ ಒಂದ್ಸಲ ‘ಬಂದ್ಬುಡವ್ವ ಮನೆಗೆ’ ಅನ್ಲಾ.”

ಕೆಮ್ಮಿದೆ. ಕೆಮ್ಮು ಚೆನ್ನಾಗೇ ಬಂತು. ಮಾತು ಮಾತ್ರ ಬರಲಿಲ್ಲ. ಕೇಳಿದ್ದನ್ನಷ್ಟೇ ಅಣಕಿಸಬಲ್ಲೆ ನಾನು. ಅಪ್ಪನ ಬಾಯಲ್ಲಿ ಆ ಮಾತು ಯಾವತ್ತೂ ಕೇಳಿಲ್ಲ.

“ಬುಡು, ಅತ್ತೆ ಎದ್ರು” ಅಂದಳು ಅಕ್ಕ.