ಅಕ್ಕ ಹೇಳಿದ್ದು, ನಾನು ಹೇಳಿದ್ದು

ನನ್ನ ಅಕ್ಕ ಮುನಿಯಮ್ಮನ ಕೈ ಗಿಡ್ಡ. ಗುಮ್ಮಳಾಪುರದ ಬಸ್ ನಿಲ್ದಾಣದಲ್ಲಿ ಹೂವು ಮಾರುವಾಗ ಮೊಳ ಹಾಕಿದ ಮೇಲೆ ಪ್ರತಿಸಲವೂ ನಾಲ್ಕು ಬೆರಳು ಹೆಚ್ಚಿಗೆ ಅಳೆದು ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಯಲ್ಲಮ್ಮ ರೇಗಿಸುತ್ತಿದ್ದಳು: “ನಿನ್ ಕೈ ಗಿಡ್ಡ ಅಂತ ಯಾರಿಗೆ ಗೊತ್ತು ಮುನಿಯಕ್ಕಾ? ಸುಮ್ಕಿರಬಾರ್ದಾ?”

“ನನ್ಗೆ ಗೊತ್ತಲ್ಲೇ” ಎನ್ನುತ್ತಿದ್ದಳು ಅಕ್ಕ.

ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ. ಸಾಕಿದವಳು ಅಕ್ಕನೇ. ಐದನೇ ಕ್ಲಾಸಿಗೆ ನಾನು ಶಾಲೆ ಬಿಟ್ಟಾಗ ಹೂವು ಕಟ್ಟುವ ಬಾಳೆನಾರಿನಲ್ಲೇ ಹೊಡೆದಳು. ಅದು ನೋಯಲಿಲ್ಲ. ಹೊಡೆದ ಮೇಲೆ ಅವಳೇ ಕೂತು ಅತ್ತಳು.

ಮುಂದೆ ನನಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಆಲಸನತ್ತದಲ್ಲಿ ಮನೆ ಮಾಡಿದೆ. ಜೊತೆಯವರಿಂದ ತಮಿಳು ಕಲಿತೆ. ಅಕ್ಕನಿಗೆ ಕನ್ನಡ, ತೆಲುಗು ಬಿಟ್ಟರೆ ತಮಿಳಿನಲ್ಲಿ ಹೂವಿನ ಬೆಲೆ ಹೇಳುವಷ್ಟು ಮಾತ್ರ ಬರುತ್ತಿತ್ತು. ಅರವತ್ತು ದಾಟಿದ ಮೇಲೆ ಅವಳಿಗೆ ಬೀಪಿ ಬಂತು. ತಿಂಗಳಿಗೊಮ್ಮೆ ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿದ್ದವರು ದೂರದ ಜಿಲ್ಲೆಯಿಂದ ಬಂದ ಹರೆಯದ ಡಾಕ್ಟರು, ಕನ್ನಡ ಬಾರದು. ಅವರ ಮಾತು ಅಕ್ಕನಿಗೆ, ಅಕ್ಕನ ಮಾತು ಅವರಿಗೆ ನಾನೇ ದಾಟಿಸಬೇಕು.

ಮಾತ್ರೆಯ ವಿಷಯದಲ್ಲಿ ಅಕ್ಕ ಬಲು ಕಟ್ಟುನಿಟ್ಟು. ಹೊತ್ತು ತಪ್ಪಿಸುತ್ತಿರಲಿಲ್ಲ. ಆದರೆ ಆಸ್ಪತ್ರೆಗೆ ಹೋಗಲು ನಾಲ್ಕು ದಿನ ಇದೆ ಎನ್ನುವಾಗ ಪೂರಾ ನಿಲ್ಲಿಸಿಬಿಡುತ್ತಿದ್ದಳು. ಯಾಕಕ್ಕಾ ಎಂದು ಕೇಳಿದೆ.

“ತೂತು ಬಿಂದಿಗೆಗೆ ಮೇಣ ಮೆತ್ತಿ ರಿಪೇರಿಯವನ ಮುಂದಿಟ್ರೆ, ಎಷ್ಟು ಸೋರ್ತದೆ ಅಂತ ಅವನಿಗೆಂಗ್ಲಾ ಗೊತ್ತಾಯ್ತದೆ? ಮಾತ್ರೆ ನುಂಗಿ ಹೋದ್ರೆ ಕಾಯಿಲೆ ಮುಚ್ಕೊಂಡ್ಬುಡ್ತದೆ. ಡಾಕ್ಟ್ರಿಗೆ ಮೋಸ ಮಾಡ್ದಂಗೆ ಕಣ್ಲಾ.”

ಸರಿಯಾಗಿಯೇ ಇದೆ ಅನ್ನಿಸಿತು ನನಗೂ.

ಆ ಸಲ ಆಸ್ಪತ್ರೆಗೆ ಹೋದ ದಿನ, ನಮಗಿಂತ ಮುಂದೆ ಒಳಗೆ ಹೋದ ಮುದುಕರೊಬ್ಬರು ಮಾತ್ರೆ ಬಿಟ್ಟಿದ್ದರು. ಡಾಕ್ಟರು ಅವರಿಗೂ ಬೈದರು, ಜೊತೆಗೆ ಬಂದ ಮಗನಿಗೂ ಬೈದರು: ನೀನು ಓದಿದವನಲ್ಲವಾ, ನೋಡಿಕೊಳ್ಳೋಕಾಗಲ್ವಾ ಎಂದು. ಹೊರಗಿನ ಬೆಂಚಿನಲ್ಲಿದ್ದವರಿಗೆಲ್ಲ ಕೇಳಿಸಿತು. ನಮ್ಮ ಸರದಿ ಬಂತು. ಅಕ್ಕನ ತೋಳಿಗೆ ಪಟ್ಟಿ ಸುತ್ತಿ ನೋಡಿ ಡಾಕ್ಟರು ಮುಖ ಗಂಟಿಕ್ಕಿದರು. ಮಾತ್ರೆ ದಿನಾ ತಗೋತಾರಾ ಎಂದು ತಮಿಳಿನಲ್ಲಿ ಕೇಳಿದರು. ನಾನು ಅಕ್ಕನಿಗೆ ಹೇಳಿದೆ.

“ನಾಕು ದಿನದಿಂದ ನಿಲ್ಸಿವ್ನಿ ಅಂತ ಹೇಳ್ಲಾ. ನಿಜವಾದ ಬೀಪಿ ಕಾಣ್ಲಿ ಅಂತ ನಿಲ್ಸಿದ್ದು, ಸೋಮಾರಿತನಕ್ಕಲ್ಲ ಅಂತ್ಲೂ ಹೇಳು.”

ನಾನು ಫ್ಯಾಕ್ಟರಿಯ ಯೂನಿಫಾರ್ಮಿನಲ್ಲಿದ್ದೆ. ಎರಡು ಗಂಟೆಗೆ ಶಿಫ್ಟು. ನೀನು ಎಷ್ಟು ಓದಿದ್ದೀಯ ಎಂದು ನನ್ನನ್ನೂ ಕೇಳಿಬಿಟ್ಟರೆ?

“ಆಮಾ ಸಾರ್” ಎಂದೆ. ಹೌದು ಸಾರ್, ಅಷ್ಟೇ.

ದಿನಾ ತಗೊಂಡೂ ಬೀಪಿ ಇಷ್ಟು ಹೆಚ್ಚಿದೆಯಾ ಎಂದು ಡಾಕ್ಟರು ಡೋಸ್ ಏರಿಸಿದರು.

ಹೊರಗೆ ಬಂದು ಅಕ್ಕ ನಕ್ಕಳು. “ನಾನು ಅಷ್ಟುದ್ದ ಹೇಳಿದ್ದನ್ನ ಎರಡೇ ಮಾತಲ್ಲಿ ಮುಗಿಸ್ಬುಟ್ಟೆಯಲ್ಲೋ!”

“ತಮಿಳು ಹಂಗೇ ಕಣಕ್ಕಾ, ಚಿಕ್ಕದಾಗಿ ಮುಗೀತದೆ.”

ನಂಬಿದಳು. ಊರಿಗೆ ಹೋಗಿ ಯಲ್ಲಮ್ಮನಿಗೂ ಅದನ್ನೇ ಹೇಳಿದಳಂತೆ.

ಮುಂದಿನ ತಿಂಗಳೂ ಹಾಗೇ ಆಯಿತು. ಅದರ ಮುಂದಿನ ತಿಂಗಳು ಇನ್ನೊಂದು ಮಾತ್ರೆ ಸೇರಿತು. ಆ ಸಲ ಅಕ್ಕನ ಮಾತು ಮುಗಿಯುವವರೆಗೂ ನಾನು ಕಾಯಲಿಲ್ಲ. ಏರಿಸಿದ್ದನ್ನೆಲ್ಲ ಅವಳು ಮನೆಯಲ್ಲಿ ಒಂದೂ ಬಿಡದೆ ನುಂಗಿದಳು. “ಎದ್ರೆ ತಲೆ ತಿರುಗ್ತದೆ ಕಣ್ಲಾ” ಎಂದು ಫೋನಿನಲ್ಲಿ ಹೇಳಿದಳು. ಬಿಸಿಲಕ್ಕಾ, ಮಜ್ಜಿಗೆ ಕುಡಿ ಎಂದೆ.

ಒಂದು ಬೆಳಿಗ್ಗೆ ಹೂವಿಗೆ ನೀರು ಚಿಮುಕಿಸಿ ಎದ್ದು ನಿಂತವಳು ಕುಸಿದಳು. ಹೊಸ್ತಿಲು ತಲೆಗೆ ಬಡಿಯಿತು.

ಬೇರೆ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯ ಡಾಕ್ಟರಮ್ಮನಿಗೆ ಕನ್ನಡ ಬರುತ್ತಿತ್ತು. ಚೀಟಿ ನೋಡಿ, ಬೀಪಿ ಪೂರಾ ಇಳಿದುಹೋಗಿದೆ, ಇಷ್ಟೊಂದು ಮಾತ್ರೆ ಯಾಕೆ ಎಂದು ಕೇಳಿದರು. ಅಕ್ಕ ಸಣ್ಣ ದನಿಯಲ್ಲಿ ನಾಲ್ಕು ದಿನ ನಿಲ್ಲಿಸುವ ವಿಷಯವನ್ನೆಲ್ಲ ಹೇಳಿದಳು.

“ಅಯ್ಯೋ! ಇದನ್ನ ಆ ಡಾಕ್ಟರಿಗೆ ಹೇಳಿದ್ರಾ ಅಮ್ಮಾ?”

“ಹೇಳ್ದೆ ಇರ್ತೀನಾ ತಾಯಿ? ಒಂದ್ಸಲಾನೂ ತಪ್ಸಿಲ್ಲ. ನನ್ ತಮ್ಮನ್ನ ಕೇಳಿ.”

ಡಾಕ್ಟರಮ್ಮ ನನ್ನತ್ತ ತಿರುಗಿದರು.

“ಹೌದು ಮೇಡಮ್, ಪ್ರತಿಸಲಾನೂ ಹೇಳಿದ್ಲು” ಎಂದೆ.

ಅದು ಸುಳ್ಳಲ್ಲ. ಅಕ್ಕ ಸಮಾಧಾನದಿಂದ ನನ್ನ ಕೈ ಹಿಡಿದುಕೊಂಡಳು. “ಗೊತ್ತಿದ್ದೂ ಏರಿಸಿದರಾ?” ಎಂದು ಡಾಕ್ಟರಮ್ಮ ಗೊಣಗಿಕೊಂಡು ಏನೋ ಬರೆದರು.

ಎರಡು ದಿನಕ್ಕೆ ಅಕ್ಕ ತೀರಿಕೊಂಡಳು.

ಈಗಲೂ ಊರಿಗೆ ಹೋದರೆ ಯಲ್ಲಮ್ಮ ಆ ಡಾಕ್ಟರಿಗೆ ಶಾಪ ಹಾಕುತ್ತಾಳೆ. “ಬಾಯ್ಬಿಟ್ಟು ಹೇಳಿದ್ರೂ ಕಿವಿ ಮೇಲೆ ಹಾಕ್ಕೊಳ್ಲಿಲ್ವಲ್ಲಪ್ಪಾ ಅವ್ನು!” ಎನ್ನುತ್ತಾಳೆ. ಕೇಳಿಸಿಕೊಂಡು ಬಸ್ಸು ಹತ್ತಿದ್ದೇನೆ, ಎಷ್ಟೋ ಸಲ. ಅಕ್ಕ ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಅವರು ಔಷಧಿ ಕೊಟ್ಟದ್ದು ನಾನು ಹೇಳಿದ ಕಾಯಿಲೆಗೆ.