ಯಂತ್ರ ಗೆಲ್ಲುವ ಸಿನಿಮಾ ನೋಡುವವರನ್ನು ನೋಡುತ್ತಾ

ಬೆಳಗಿನ ಆರು ಗಂಟೆ. ಮಾನ್ವಿಯ ಹಳೆಯ ಚಿತ್ರಮಂದಿರದ ಬಾಗಿಲು ತೆರೆದು ಮೂಕಮ್ಮ ಒಳಗೆ ಬರುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಗಿಗೆ ಬಟ್ಟೆ ಕಟ್ಟಿ, ಹಿಂದಿನ ಸಾಲಿನಿಂದ ಗುಡಿಸಲು ಶುರು ಮಾಡುತ್ತಾರೆ. ನಾನೂರ ಇಪ್ಪತ್ತು ಕುರ್ಚಿ. ಶೇಂಗಾ ಸಿಪ್ಪೆ, ಗುಟ್ಕಾ ಚೀಟಿ, ಒಮ್ಮೊಮ್ಮೆ ಮಗುವಿನ ಒಂಟಿ ಚಪ್ಪಲಿ.

ಈ ವಾರ ಜನ ಮುಗಿಬಿದ್ದಿರುವುದು ಯಂತ್ರಗಳು ಮನುಷ್ಯರನ್ನು ಆಳುವ ಚಿತ್ರಕ್ಕೆ. ಆಟ ನಡೆಯುವಾಗ ಮೂಕಮ್ಮ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುತ್ತಾರೆ. ಪರದೆಗಿಂತ ನೋಡುವವರ ಮುಖ ನೋಡುವುದೇ ಅವರಿಗೆ ರೂಢಿ.

ಐವತ್ತಾರರ ಮೂಕಮ್ಮ ಕುರ್ಡಿ ಎಂಬ ಹಳ್ಳಿಯವರು. ಹದಿನೆಂಟು ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಭತ್ತ ಕೊಯ್ಯುತ್ತಿದ್ದರು. ಒಂದು ಸುಗ್ಗಿಯಲ್ಲಿ ಕೊಯ್ಲಿನ ಯಂತ್ರ ಬಂತು.

"ನಾವು ಎಂಟು ದಿನ ಕೊಯ್ಯೋ ಹೊಲ ಅದು ಮಧ್ಯಾಹ್ನದೊಳಗ ಮುಗಿಸ್ತು. ಕುಡುಗೋಲು ಹಿಡ್ಕೊಂಡು ಬದುವಿನ ಮ್ಯಾಲ ನಿಂತಿದ್ವಿ. ಯಾರೂ ಹೋಗ್ರಿ ಅನ್ನಲಿಲ್ಲ. ಬರ್ರಿ ಅಂತನೂ ಅನ್ನಲಿಲ್ಲ."

ಗುಂಪು ಚದುರಿತು. ಮೂಕಮ್ಮ ಮಗಳು ವಿಶಾಖಾಳನ್ನು ಕರೆದುಕೊಂಡು ಮಾನ್ವಿಗೆ ಬಂದು ಪೊರಕೆ ಹಿಡಿದರು. ಆ ಮಗಳೀಗ ದೇವದುರ್ಗದಲ್ಲಿ ವಿಜ್ಞಾನದ ಶಿಕ್ಷಕಿ. ಮೊನ್ನೆ ಅವಳೇ ಕೇಳಿದಳು: "ಮನುಷ್ಯಾರು ಸೋಲೋದು ನೋಡಾಕ ಮಂದಿ ಯಾಕ ಇಷ್ಟು ಬರ್ತಾರಬೇ?"

ಮೂಕಮ್ಮ ಹೇಳಿದರು: "ನಮ್ಮ ಕೈಯಾಗಿಂದು ಹೋದ್ರ ಹೆಂಗ ಅಂತ ಎಲ್ಲಾರಿಗೂ ಒಳಗೊಳಗ ಅಂಜಿಕಿ ಇರ್ತದವ್ವ. ಇಲ್ಲಿ ಕುಂತು ಅಂಜಿದ್ರ, ಲೈಟ್ ಹತ್ತಿದ ಮ್ಯಾಲ ಎದ್ದು ಮನಿಗೆ ಹೋಗಬಹುದು. ನಮಗ ಆವತ್ತು ಲೈಟ್ ಹತ್ತಲಿಲ್ಲ."

ಹೋದ ವರ್ಷ ಇಂಥದೇ ಚಿತ್ರದ ಮಧ್ಯಾಹ್ನದ ಆಟದಲ್ಲಿ ವೈರು ಸುಟ್ಟು ಕರೆಂಟ್ ಹೋಯಿತು. ಹೊಗೆ ತುಂಬಿತು. ಅದೂ ಸಿನಿಮಾದ್ದೇ ಎಂದು ಜನ ಕ್ಷಣಕಾಲ ಕೂತೇ ಇದ್ದರು. ಆಮೇಲೆ ಎಲ್ಲರೂ ಮುಂಬಾಗಿಲಿಗೆ ನುಗ್ಗಿದರು. ಕತ್ತಲಲ್ಲಿ ಪ್ರತಿ ಸಾಲೂ, ಪ್ರತಿ ಮೆಟ್ಟಿಲೂ ಕಾಲಿಗೇ ಗೊತ್ತಿದ್ದವರು ಮೂಕಮ್ಮ ಒಬ್ಬರೇ. ಪಕ್ಕದ ಬಾಗಿಲು ತೆಗೆದು ಒಳಗೆ ಹೋದರು. "ಈ ಕಡಿ ಬರ್ರಿ. ಒಬ್ಬರ ಕೈ ಒಬ್ಬರು ಹಿಡೀರಿ, ಬಿಡಬ್ಯಾಡ್ರಿ" ಎನ್ನುತ್ತಾ ಸಾಲು ಸಾಲಾಗಿ ಹೊರಗೆ ಕರೆತಂದರು.

"ನಾನು ಮ್ಯಾನೇಜರ್, ನನಗೇ ದಾರಿ ಸಿಗಲಿಲ್ರಿ. ಅವರ ಸೆರಗು ಹಿಡ್ಕೊಂಡು ಬಂದೀನಿ" ಎನ್ನುತ್ತಾರೆ ಮುಷರ್ರಫ್.

ಮೂಕಮ್ಮ ಆ ದಿನದ ಮಾತು ತಾವಾಗಿ ಎತ್ತುವುದಿಲ್ಲ. ಕೆದಕಿ ಕೇಳಿದರೆ ಪೊರಕೆ ಗೋಡೆಗೆ ಆನಿಸಿ ಇಷ್ಟೇ ಹೇಳುತ್ತಾರೆ: "ಆ ಪಿಚ್ಚರ್‌ನಾಗ ಕೊನಿಗೆ ಯಾರು ಗೆದ್ರೋ ಗೊತ್ತಿಲ್ಲ. ಒಳಗಿದ್ದ ನೂರಾ ಎಂಬತ್ತಾರು ಮಂದಿನೂ ಹೊರಗ ಬಂದ್ರು. ನಾನ ಎಣಿಸೀನಿ."